ಮೂರನೇ ದಿನದ ರಕ್ತ

ಶಾಮಣ್ಣಂಗೆ ವಯಸ್ಸಾಯ್ತು, ನೆನಪು ಕೈಕೊಟ್ಟಿದೆ, ಏನೇನೋ ಕಟ್ಕೊಂಡು ಹೇಳ್ತಾರೆ ಅಂತ ನಮ್ಮ ವಾಟ್ಸಾಪ್ ಗ್ರೂಪಲ್ಲಿ ಬರೆದೋರು ಯಾರ್ರಪ್ಪ ಅದು? ಹೆಸರು ಗೊತ್ತು, ಹೇಳಲ್ಲ. ನಿನ್ನ ಮದುವೇಲಿ ಚಪ್ಪರ ಕುಸಿದಾಗ ಯಾರು ಯಾರನ್ನ ತಳ್ಳಿಕೊಂಡು ಓಡಿದ್ರು ಅಂತ ಬಿಚ್ಚಲಾ? ಸಕ್ಕರೆ ಕಾರ್ಖಾನೆ ತೂಕದ ಮನೇಲಿ ಜೀವಮಾನ ಸವೆಸಿದೋನು ಕಣಯ್ಯಾ ನಾನು. ಕಬ್ಬಿನ ಗಾಡಿ ಗೇಟ್ ದಾಟೋ ಮುಂಚೆ ಎತ್ತಿನ ಕೊಂಬು ನೋಡಿ ಇದು ಇಂಥ ಊರಿಂದು ಅಂತಿದ್ದೆ. ಮೊನ್ನೆ ಕನ್ನಡಕ ಫ್ರಿಜ್ಜಲ್ಲಿ ಇಟ್ಟಿದ್ದೆ, ನಿಜ. ಕನ್ನಡಕ ಬೇರೆ, ಸತ್ತ ಮಗು ಬೇರೆ.

ಈ ಗ್ರೂಪಲ್ಲಿ ಹೊಸದಾಗಿ ಬಂದ ಸೊಸೆಯಂದಿರೂ ಇದೀರ. ನಿಮಗೆ ತಲೆಬುಡ ಗೊತ್ತಿರಲ್ಲ. ಅದಕ್ಕೆ ಮೊದಲಿಂದ ಹೇಳ್ತೀನಿ. ಉದ್ದ ಆಗತ್ತೆ, ತುಂಡು ತುಂಡಾಗಿ ಮಾತಾಡಿ ರೆಕಾರ್ಡ್ ಮಾಡಿ ಕಳಿಸ್ತೀನಿ. ತರಕಾರಿ ಹೆಚ್ಕೊಂಡು ಕೇಳಿ.

ನಾನಿರೋದು ಅಮೆರಿಕದಲ್ಲಿ, ಸಿಯಾಟಲ್ ಪಕ್ಕ ಸಮಾಮಿಶ್ ಅನ್ನೋ ಗುಡ್ಡದ ಮೇಲೆ, ಮಗ ಬದರಿನಾಥನ ಮನೇಲಿ. ಬದರಿ ಸೇತುವೆ ಇಂಜಿನಿಯರು. ಹಳೇ ಸೇತುವೆ ಕೆಳಗೆ ಹಗ್ಗ ಕಟ್ಕೊಂಡು ಇಳಿದು ಎಲ್ಲಿ ಬಿರುಕಿದೆ ಅಂತ ಹುಡುಕೋದೇ ಅವನ ಕೆಲಸ. ಅವನ ಹೆಂಡ್ತಿ ವಿಜಯಾ. ಮಗಳು ಅನುಶ್ರೀ, ಹೊಸದಾಗಿ ಕಾರ್ ಲೈಸೆನ್ಸ್ ಬಂದಿದೆ, ನಾವು ಕನ್ನಡದಲ್ಲಿ ಬೈದ್ರೆ ಅವಳು ಇಂಗ್ಲಿಷಲ್ಲಿ ವಾಪಸ್ ಬೈತಾಳೆ. ಆಮೇಲೆ ನನ್ನ ಹೆಂಡ್ತಿ ಚಿಕ್ಕತಾಯಮ್ಮ. ಅವಳಿಗೆ ಯಾರೂ ವಾಪಸ್ ಬಯ್ಯಲ್ಲ.

ವಿಜಯಾ ಯಾರು? ತಾಯಮ್ಮನ ಅಣ್ಣನ ಮಗಳು. ಬದರಿಗೆ ಸೋದರಮಾವನ ಮಗಳು. ವಿಜಯಾಳ ಅಪ್ಪ ಕೂಡ ಮದುವೆ ಆಗಿದ್ದು ಸ್ವಂತ ಅಕ್ಕನ ಮಗಳನ್ನೇ. ನಮ್ಮ ಕಡೆ ಇದರಲ್ಲಿ ಹೇಳೋಕೆ ಏನಿದೆ? ಹುಡುಗಿ ಕಣ್ಣ ಮುಂದೆ ಬೆಳೆದೋಳು, ಮನೇಲೇ ಉಳಿದ್ಲು ಅಂತ ಹಿರಿಯರು ಹೋಳಿಗೆ ಊಟ ಹಾಕಿಸಿದ್ರು, ಅಷ್ಟೇ.

ಇಲ್ಲಿ ಹಾಗಲ್ಲ. ಬದರಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಧ್ಯಾಹ್ನ ಊಟಕ್ಕೆ ಕೂತಾಗ ಯಾರೋ ಕಸಿನ್ ಮದುವೆ ಬಗ್ಗೆ ಜೋಕ್ ಹೊಡೆದ್ರಂತೆ. ಎಲ್ರೂ ನಕ್ರಂತೆ. ಇವನೂ ನಕ್ಕನಂತೆ. ಅವತ್ತಿಂದ ಇವನದ್ದು ಕಾಲೇಜಲ್ಲಿ ಆದ ಲವ್ ಮ್ಯಾರೇಜು. ಹೆತ್ತ ಮಗಳಿಗೂ ಅದೇ ಕಥೆ. ವಿಜಯಾ ಚಿಕ್ಕೋಳಿದ್ದಾಗಿಂದ ಅವನನ್ನ ‘ಭಾವ’ ಅಂತಿದ್ಲು. ‘ಇನ್ಮೇಲೆ ಬದರಿ ಅನ್ನು’ ಅಂತ ಅದನ್ನೂ ಬಿಡಿಸಿದ. ನಮಗೂ ಕಟ್ಟಪ್ಪಣೆ, ಯಾರ ಮುಂದೆಯೂ ಸಂಬಂಧದ ಸುದ್ದಿ ತೆಗೀಬೇಡಿ ಅಂತ.

ಇಷ್ಟು ತಲೇಲಿಟ್ಕೊಳ್ಳಿ. ಈಗ ಕಾಲಿನ ವಿಷಯ.

ಈ ಗುಡ್ಡದ ಮೇಲೆ ಒಂದು ಎಸಳು ಕರಿಬೇವು ಬೇಕಂದ್ರೂ ಕಾರ್ ತೆಗೀಬೇಕು. ಆ ಕಾರು ಓಡಿಸೋಳು ವಿಜಯಾ. ಒಂದಿನ ನನ್ನನ್ನ ಲೈಬ್ರರಿಯಿಂದ ಕರ್ಕೊಂಡು ಬರ್ತಿದ್ಲು. ಮನೆ ಮುಂದೆ ತಿರುಗಿಸ್ತಾ ಇದಾಳೆ, ಕಾರು ನಿಲ್ತಾನೇ ಇಲ್ಲ. ಪಕ್ಕದ ಮನೆಯೋರ ಟಪಾಲ್ ಡಬ್ಬ ಕಂಬದ ಸಮೇತ ಮಲಗ್ತು.

“ಏನಮ್ಮಾ ವಿಜಯಾ!”

“ಮಾವ, ಬಲಗಾಲು ನನ್ನ ಮಾತು ಕೇಳ್ತಿಲ್ಲ. ಬ್ರೇಕ್ ಮೇಲೆ ಇಡೋಣ ಅಂದ್ರೆ ಪಾದ ಏಳಲೇ ಇಲ್ಲ.”

“ಯಾವಾಗಿಂದ?”

“ಗೌರಿ ಹಬ್ಬದಿಂದ. ಬೆನ್ನು ನೋವು ಅದಕ್ಕೂ ಮುಂಚಿಂದ. ಅತ್ತೆ ಕೊಟ್ಟ ಮಾತ್ರೆ ನುಂಗ್ತಿದೀನಿ.”

ಅತ್ತೆ ಕೊಟ್ಟ ಮಾತ್ರೆ ಅಂದ್ರೆ, ನಮ್ಮ ತಾಯಮ್ಮ ಊರಿಂದ ಬರೋವಾಗ ಬಿಸ್ಕತ್ ಡಬ್ಬದಲ್ಲಿ ತುಂಬ್ಕೊಂಡು ಬಂದಿರೋ ನೋವಿನ ಮಾತ್ರೆ. ಮಂಡಿಗೂ ಅದೇ, ತಲೆಗೂ ಅದೇ, ಪಕ್ಕದ ಬೀದಿ ತೆಲುಗಿನೋರ ಸೊಂಟಕ್ಕೂ ಅದೇ.

ಪಕ್ಕದ ಊರು ಬೆಲ್ವ್ಯೂ ಆಸ್ಪತ್ರೇಲಿ ಸ್ಕ್ಯಾನ್ ಆಯ್ತು. ಬೆನ್ನುಮೂಳೆ ನಡುವೆ ಇರೋ ಮೆತ್ತೆ ಆಚೆ ಜಾರಿ ನರ ಅದುಮಿ ಕೂತಿದೆಯಂತೆ. ತಡ ಮಾಡಿದ್ರೆ ಪಾದ ಎತ್ತೋ ಶಕ್ತಿ ಪೂರ್ತಿ ಹೋಗತ್ತೆ, ಆಪರೇಷನ್ ಮಾಡ್ಬೇಕು ಅಂದ್ರು. ರಕ್ತ ಪರೀಕ್ಷೆ ಎಲ್ಲ ಮಾಡಿದ್ರು, ಎಲ್ಲಾ ಸರಿ ಇದೆ ಅಂತ ಬಂತು. ದಿನ ಗೊತ್ತು ಮಾಡಿದ್ರು.

ಅಲ್ಲಿಂದ ನಮ್ಮ ಮನೆ ಅನ್ನೋದು ಮದುವೆ ಮುಗಿದ ಛತ್ರ ಆಯ್ತು. ವಿಜಯಾ ಸೋಫಾ ಮೇಲೆ, ಮಂಡಿ ಕೆಳಗೆ ದಿಂಬು. ತಾಯಮ್ಮ ಒಗ್ಗರಣೆ ಹಾಕಿದಾಗೆಲ್ಲ ಚಾವಣಿಯಲ್ಲಿರೋ ಹೊಗೆ ಅಲಾರ್ಮ್ ಕಿರುಚೋದು. ನಾನು ಕುರ್ಚಿ ಹತ್ತಿ ಟವಲ್ ಬೀಸೋದು. ಬದರಿ ರಾತ್ರಿ ಮುದ್ದೆ ತಿರುವ್ತಿದ್ದ, ಒಳಗೆ ಬರೀ ಗಂಟು.

“ಅಪ್ಪಾ, ಇದು ಊಟವಾ, ಆಲೂಗಡ್ಡೆ ಗದ್ದೆಯಾ?” ಇದು ಅನುಶ್ರೀ, ಇಂಗ್ಲಿಷಲ್ಲಿ ಹೇಳಿದ್ದು, ನಾನು ಕನ್ನಡ ಮಾಡಿದೀನಿ.

“ಮೊದಲು ಪಾತ್ರೆ ತೊಳಿ, ಆಮೇಲೆ ಮಾತಾಡು.”

“ನಿನ್ನೆ ತೊಳೆದೆ. ತಾತನ ಟರ್ನ್.”

“ತಾತ ತೊಳೆದ ಲೋಟದಲ್ಲಿ ಕಾಫಿ ಕುಡಿದ್ರೆ ಸಾರಿನ ರುಚಿ ಬರತ್ತೆ” ಅಂದ್ಲು ತಾಯಮ್ಮ. ಬೆಳಗ್ಗೆ ಎದ್ರೆ ಇದೇ, ಮಲಗೋವಾಗಲೂ ಇದೇ. ಎಲ್ರಿಗೂ ಸುಸ್ತು. ಜೋರಾಗಿ ಜಗಳ ಆಡಕ್ಕೂ ಯಾರಿಗೂ ಶಕ್ತಿ ಇರಲಿಲ್ಲ, ಕುಟುಕೋದು ಅಷ್ಟೇ.

ಅದರ ಮಧ್ಯೆ ಒಂದಿನ ತಾಯಮ್ಮ “ಹುರುಳಿಕಾಯಿ ಇಷ್ಟು ದಪ್ಪ ಹೆಚ್ಚಿದ್ರೆ ಬೇಯೋದು ಯಾವಾಗ” ಅಂತ ನನ್ನ ಮೇಲೆ ರೇಗಿದ್ಲು. ವಿಜಯಾ ಕೇಳಿಸ್ಕೊಂಡು, “ಕೊಡಿ ಅತ್ತೆ, ಕೂತಲ್ಲೇ ಹೆಚ್ತೀನಿ” ಅಂತ ಚಾಕು ಇಸ್ಕೊಂಡ್ಲು. ಬೆನ್ನು ಚುಳುಕ್ ಅಂತು, ಚಾಕು ಹೆಬ್ಬೆರಳಿಗೆ ಹೋಯ್ತು. ಸಣ್ಣ ಗಾಯ. ಅರಿಶಿನ ಒತ್ತಿದ್ವಿ, ನಿಂತೋಯ್ತು. ಮಾರನೇ ದಿನ ಒಣಗಿತ್ತು.

ಮೂರನೇ ದಿನ ಅನ್ನ ಕಲಸೋಕೆ ಕೈ ಹಾಕಿದ್ಲು ನೋಡಿ, ಮಜ್ಜಿಗೆ ಅನ್ನ ಕೆಂಪಾಯ್ತು. ಒಣಗಿದ್ದ ಗಾಯ ತಾನಾಗೇ ಬಿಚ್ಕೊಂಡು ತೊಟ್ಟಿಕ್ತಾ ಇದೆ. ಸಿಂಕಲ್ಲಿ ನೀರು ಬಿಟ್ಕೊಂಡು ನಿಂತ್ಲು, ನಿಲ್ತಾನೇ ಇಲ್ಲ.

ನಾನು ಚಮಚ ಕೆಳಗಿಟ್ಟೆ. ಯಾಕಂದ್ರೆ ಇದನ್ನ ನಾನು ಮುಂಚೆ ನೋಡಿದ್ದೆ.

ತಡೀರಿ, ಬೆರಳು ಜಾರ್ತು, ರೆಕಾರ್ಡಿಂಗ್ ಅಲ್ಲಿಗೇ ನಿಂತು ನಿಮಗೆ ಹೋಗ್ಬಿಟ್ಟಿದೆ. ಹಾಂ, ಮುಂದೆ ಕೇಳಿ.

ವಿಜಯಾ ಆದ್ಮೇಲೆ ನಮ್ಮ ಭಾವನಿಗೆ, ಅಂದ್ರೆ ಅವಳ ಅಪ್ಪಂಗೆ, ಒಂದು ಗಂಡು ಹುಟ್ಟಿತ್ತು. ತೊಟ್ಟಿಲ ಶಾಸ್ತ್ರಕ್ಕೆ ಅಂತ ನಾನೂ ತಾಯಮ್ಮನೂ ಹೋಗಿದ್ವಿ. ಹೊಕ್ಕಳ ಬಳ್ಳಿ ಬಿದ್ದ ಜಾಗದಲ್ಲಿ ರಕ್ತ. ಬಟ್ಟೆ ಕಟ್ಟಿದ್ರೆ ನಿಲ್ಲೋದು, ಎಲ್ಲರೂ ಉಸಿರು ಬಿಡೋರು, ಎರಡು ದಿನ ಬಿಟ್ಟು ಮತ್ತೆ ಶುರು. ದೃಷ್ಟಿ ತೆಗೆದ್ರು. ನಾಟಿ ಔಷಧಿ ಹಚ್ಚಿದ್ರು. ಪೇಟೆ ಆಸ್ಪತ್ರೆಗೆ ಗಾಡಿ ಕಟ್ಟೋ ಹೊತ್ತಿಗೆ ಮಗು ಸುಣ್ಣದ ಗೋಡೆ ಥರ ಬೆಳ್ಳಗಾಗಿತ್ತು. ಬಾಣಂತಿ ಮನೇಗೆ ಕೆಟ್ಟ ಹೆಸರು ಬರತ್ತೆ, ಹೆಣ್ಣು ಮಕ್ಕಳು ಮದುವೆ ಆಗ್ಬೇಕಲ್ಲ ಅಂತ, ಊರಿಗೆಲ್ಲ ಜ್ವರ ಬಂದು ಹೋಯ್ತು ಅಂದ್ರು. ಜ್ವರ ಅಂತ ಹೇಳ್ತಾ ಹೇಳ್ತಾ ಮನೆಯೋರಿಗೂ ಅದು ಜ್ವರವೇ ಆಯ್ತು.

ಆ ರಾತ್ರಿ ಊಟದಲ್ಲೇ ತೆಗೆದೆ.

“ಬದರಿ, ಇವಳ ಹಲ್ಲು ಕಿತ್ತಾಗಲೂ ಹೀಗೇ ಆಗಿತ್ತು. ಎರಡು ದಿನ ಬಿಟ್ಟು ದಿಂಬೆಲ್ಲ ರಕ್ತ. ಆ ಮಗುಗೂ ಹೀಗೇ. ಡಾಕ್ಟರಿಗೆ ಹೇಳು.”

“ಯಾವ ಮಗುನಪ್ಪಾ?”

“ಇವಳ ತಮ್ಮ. ಹೊಕ್ಕಳಲ್ಲಿ ರಕ್ತ ಹೋಗಿ ಸತ್ತದ್ದು.”

ತಾಯಮ್ಮ ಸೌಟು ಕುಕ್ಕಿದ್ಲು. “ಜ್ವರ ಬಂದು ಹೋಗಿದ್ದು ಅದು. ನಿಮಗೇನು ಅರಳು ಮರಳಾ? ನನ್ನ ತವರಿನ ಮೇಲೆ ಇಲ್ಲದ್ದೆಲ್ಲ ಹೊರಿಸಬೇಡಿ.”

“ನೀನೂ ಅಲ್ಲೇ ಇದ್ದೆಯಲ್ಲೇ!”

“ಇದ್ದೆ. ಜ್ವರವೇ.”

ಬದರಿ ಹಣೆ ಉಜ್ಕೊಂಡ. “ಅಪ್ಪಾ, ಪರೀಕ್ಷೆ ಎಲ್ಲಾ ನಾರ್ಮಲ್ ಬಂದಿದೆ. ಮನೇಲಿ ಯಾರಿಗಾದ್ರೂ ರಕ್ತದ ತೊಂದರೆ ಇದ್ಯಾ, ಇವಳ ಅಪ್ಪ ಅಮ್ಮ ರಕ್ತಸಂಬಂಧಿಗಳಾ ಅಂತ ಡಾಕ್ಟರ್ ಕೇಳಿದ್ರು. ಇಲ್ಲ ಅಂದೆ, ಮುಗೀತು.”

“ಇಲ್ಲ ಅಂದ್ಯಾ? ಯಾಕೋ?”

“ಅವರದ್ದು ಹೌದು ಅಂದ್ರೆ ಮುಂದಿನ ಪ್ರಶ್ನೆ ನಮ್ಮಿಬ್ಬರದ್ದೇ ಬರತ್ತಲ್ಲಪ್ಪಾ! ಇದು ನಿಮ್ಮ ತೂಕದ ಮನೆ ಅಲ್ಲ. ಇಲ್ಲಿ ಜನ ಹೇಗೆ ನೋಡ್ತಾರೆ ಅಂತ ನಿಮಗೆ ಗೊತ್ತಿಲ್ಲ.”

“ಅಲ್ಲ ಕಣೋ, ನೀನು ಸೇತುವೆ ನೋಡಕ್ಕೆ ಹೋದಾಗ, ಮುಂಚೆ ಇಲ್ಲಿ ಬಿರುಕು ಬಿಟ್ಟಿತ್ತಾ ಅಂತ ಕೇಳ್ತೀಯ. ಮಾನ ಹೋಗತ್ತೆ ಅಂತ ಅವರು ಇಲ್ಲ ಅಂದ್ರೆ ಏನ್ ಮಾಡ್ತೀಯ?”

ಅವನು ಎದ್ದು ತಟ್ಟೆ ತಗೊಂಡೋಗಿ ಸಿಂಕಿಗೆ ಹಾಕಿದ. ವಿಜಯಾ ಪಟ್ಟಿ ಸುತ್ತಿದ ಹೆಬ್ಬೆರಳು ನೋಡ್ತಾ ಕೂತಿದ್ಲು.

ಆಮೇಲೆ ಕೆಲವು ದಿನ ತಾಯಮ್ಮ ನನ್ನ ತಟ್ಟೆಗೆ ಸಾರು ಬಡಿಸಿ ಅನ್ನ ಮರೆಯೋಳು. ಬೇಕಂತ್ಲೇ. ತರಕಾರಿಗೆ ಅನುಶ್ರೀ ಜೊತೆ ಹೋಗ್ತಿದ್ದೆ, ಅವಳೇ ಡ್ರೈವ್ ಮಾಡ್ತಿದ್ಲು. ಒಂದು ಕೆಂಪು ದೀಪದಲ್ಲಿ ನಿಂತಾಗ ಕೇಳಿದ್ಲು:

“ತಾತಾ, ಆ ಬೇಬಿ ಸ್ಟೋರಿ ನಿಜಾನಾ?”

“ನೀನು ಕಿವಿಗೆ ಅದೇನೋ ಸಿಗಿಸ್ಕೊಂಡು ಮೇಲಿದ್ದೆಯಲ್ಲೇ?”

“ತಾತಾ, ನೀನು ಮಾತಾಡಿದ್ರೆ ಬೀದಿಗೆಲ್ಲ ಕೇಳ್ಸತ್ತೆ.”

“ನಿಜ. ಆದ್ರೆ ನಿಮ್ಮಪ್ಪ ಹೇಳಲ್ಲ. ಯಾಕಂದ್ರೆ…” ಅಂತ ನುಂಗಿದೆ.

“ಯಾಕಂದ್ರೆ ಅವರು ಕಸಿನ್ಸ್. ಐ ನೋ.” ಕಣ್ಣು ರಸ್ತೆ ಮೇಲೇ ಇದೆ ಅವಳಿಗೆ. “ಅಜ್ಜಿ ಫೋನಲ್ಲಿ ಅಮ್ಮನ ಅಪ್ಪನ್ನ ಅಣ್ಣ ಅಂತಿದ್ಲು. ಇಟ್ಸ್ ನಾಟ್ ಹಾರ್ಡ್. ಫಿಫ್ತ್ ಗ್ರೇಡಲ್ಲೇ ಗೊತ್ತಾಯ್ತು.”

“ನಿಮ್ಮಪ್ಪಂಗೆ ಹೇಳ್ಲಿಲ್ವಾ?”

“ಆ ಲವ್ ಸ್ಟೋರಿ ಹೇಳುವಾಗ ಅಪ್ಪ ತುಂಬಾ ಹ್ಯಾಪಿ ಇರ್ತಾನೆ. ಪಾಪ ಅನ್ಸ್ತು.”

ನೋಡಿ. ಯಾರಿಂದ ಮುಚ್ಚಿಡ್ತಿದ್ನೋ ಅವಳೇ ಅವನನ್ನ ಕಾಪಾಡ್ಕೊಂಡು ಬಂದಿದಾಳೆ!

ಆಪರೇಷನ್ನಿಗೆ ಮುಂಚೆ ಕೊನೇ ಸಲ ಡಾಕ್ಟರ್ ನೋಡಕ್ಕೆ ಹೋಗ್ಬೇಕಿತ್ತು. ಹಿಂದಿನ ದಿನ ಬೆಳಗ್ಗೆ ವಿಜಯಾ ಗೋಡೆ ಹಿಡ್ಕೊಂಡು, ಆ ಕಾಲು ಎಳ್ಕೊಂಡು ನನ್ನ ರೂಮಿಗೆ ಬಂದ್ಲು.

“ಮಾವ, ಊರಲ್ಲಿ ಬಾವಿ ಕಟ್ಟೆ ಮೇಲೆ ಯಾರೋ ಬಟ್ಟೆ ಒಗೀತಿದ್ರು. ನೀರು ಕೆಂಪಗೆ ಹರಿದು ದಾಸವಾಳದ ಬುಡಕ್ಕೆ ಹೋಗ್ತಿತ್ತು. ನಾನು ಚಿಕ್ಕೋಳು. ಕನಸು ಅಂದ್ಕೊಂಡಿದ್ದೆ ಇಷ್ಟು ದಿನ.”

“ಕನಸಲ್ಲಮ್ಮ.”

“ಸರಿ” ಅಂದ್ಲು. ಅಷ್ಟೇ. ಕಾಫಿ ಬೇಕಾ ಅಂತ ಕೇಳಿ ಹೋದ್ಲು.

ಮಾರನೇ ದಿನ ನಾನೂ ಬರ್ತೀನಿ ಅಂತ ಕಾರಲ್ಲಿ ಹೋಗಿ ಕೂತುಬಿಟ್ಟೆ. ಬದರಿ “ಅಲ್ಲಿ ಬಾಯಿ ಬಿಡಬೇಡಿ” ಅಂದ. ನನಗೆ ಬಾಯಿ ಬಿಟ್ರೂ ಇಂಗ್ಲಿಷ್ ಬರಬೇಕಲ್ಲ. ಡಾಕ್ಟರಮ್ಮ ಎತ್ತರದ ಹೆಂಗಸು, ಬಿಳೀ ಜಡೆ. ಎಲ್ಲಾ ವಿವರಿಸಿ, ಇನ್ನೇನಾದ್ರೂ ಹೇಳೋದಿದ್ಯಾ ಅಂದ್ರು. ಬದರಿ “ನೋ” ಅಂದ.

“ಯೆಸ್” ಅಂದ್ಲು ವಿಜಯಾ.

ಅವಳು ಹೇಳಿದ್ದು ನನಗೆ ಪದ ಪದ ಅರ್ಥ ಆಗಲಿಲ್ಲ. ಕೈ ಅರ್ಥ ಆಯ್ತು. ಮೊದಲು ಎರಡು ಬೆರಳು ಜೋಡಿಸಿದ್ಲು, ಅದು ಅವಳ ಅಪ್ಪ ಅಮ್ಮ. ಬದರಿ ಕಡೆ ತೋರಿಸಿ ತನ್ನ ಎದೆ ಮುಟ್ಕೊಂಡ್ಲು. ತೋಳಲ್ಲಿ ಮಗು ಹಿಡಿದ ಹಾಗೆ ಮಾಡಿ, ಹೊಕ್ಕಳ ಹತ್ರ ಬೆರಳಿಟ್ಟು, ಕೆಳಗೆ ಹರಿಸಿದ್ಲು. ಕೊನೇಗೆ ಹೆಬ್ಬೆರಳ ಪಟ್ಟಿ ಬಿಚ್ಚಿ ಟೇಬಲ್ ಮೇಲಿಟ್ಲು.

ಬದರಿ ಕಿವಿ ಕೆಂಪಗಾಗಿ ನೆಲ ನೋಡ್ತಿದ್ದ. ಆ ಡಾಕ್ಟರಮ್ಮ ನಗಲಿಲ್ಲ. ಮುಖ ಹಿಂಡಲಿಲ್ಲ. ಸ್ಟೂಲ್ ಹತ್ರ ಎಳ್ಕೊಂಡು ಕೂತು, ಮಗು ಬಗ್ಗೆ ಇನ್ನೊಂದ್ ಸಲ ಹೇಳಿ ಅಂದ್ರು. ಎಲ್ಲಾ ಕೇಳಿ ಆಪರೇಷನ್ ನಿಲ್ಲಿಸಿಬಿಟ್ರು. ಮೊದಲು ರಕ್ತದ ಡಾಕ್ಟರ್ ನೋಡ್ಬೇಕು ಅಂದ್ರು.

ವಾಪಸ್ ಬರೋವಾಗ ಕಾರಲ್ಲಿ:

“ನನಗೆ ಒಂದು ಮಾತು ಹೇಳಬೋದಿತ್ತು” ಅಂದ ಬದರಿ.

“ಹೇಳಿದ್ರೆ ನೀನು ಬೇಡ ಅಂತಿದ್ದೆ.”

“ಡೇಟ್ ಹೋಯ್ತು. ಕಾಯ್ತಾ ಕಾಯ್ತಾ ಕಾಲು ಹೋದ್ರೆ?”

“ಕಾಲು ನಂದು, ಬದರಿ.”



ರಕ್ತದ ಡಾಕ್ಟರ್ ಒಂದು ಬೇರೆ ಪರೀಕ್ಷೆ ಮಾಡಿಸಿದ್ರು. ಮಾಮೂಲಿ ಪರೀಕ್ಷೇಲಿ ಇದು ಸಿಗೋದೇ ಇಲ್ಲವಂತೆ, ಇದನ್ನೇ ಮಾಡಿ ಅಂತ ಕೇಳಿ ಮಾಡಿಸ್ಬೇಕಂತೆ. ಹದಿಮೂರನೇ ಫ್ಯಾಕ್ಟರ್ ಅಂತ, ರಕ್ತದ ಹೆಪ್ಪನ್ನ ಗಟ್ಟಿ ಮಾಡೋ ಅಂಶ. ಅದು ಇವಳಲ್ಲಿ ತೀರಾ ಕಡಿಮೆ. ಲಕ್ಷಾಂತರ ಜನರಲ್ಲಿ ಒಬ್ಬರಿಗೆ ಇರೋ ಕಾಯಿಲೆ. ತಂದೆ ತಾಯಿ ಇಬ್ಬರ ಕಡೆಯಿಂದಲೂ ಬಂದ್ರೆ ಮಾತ್ರ ಬರೋದು. ಒಂದೇ ಮನೆಯೋರು ಮದುವೆ ಆದಲ್ಲಿ ಹೆಚ್ಚಂತೆ.

ಬದರಿ ಆ ಸಂಜೆ ನನ್ನ ಪಕ್ಕ ಬಂದು ಕೂತ. ತಾನಾಗೇ ಶುರು ಮಾಡಿದ.

“ಅಪ್ಪಾ, ಕಾಂಕ್ರೀಟ್ ಹಾಕಿ ನೀರುಣಿಸದೇ ಬಿಟ್ರೆ ಏನಾಗತ್ತೆ? ಮೊದಲು ಗಟ್ಟಿ ಕಾಣತ್ತೆ, ಆಮೇಲೆ ಪುಡಿ ಪುಡಿ. ಇವಳ ರಕ್ತವೂ ಹಾಗೇ. ಹೆಪ್ಪು ಕಟ್ಟತ್ತೆ, ಗಟ್ಟಿ ಆಗಲ್ಲ. ಎರಡು ದಿನ ಬಿಟ್ಟು ಬಿಚ್ಕೊಳತ್ತೆ.”

“ಹೆಬ್ಬೆರಳಾದ್ರೆ ಸಿಂಕಿಗೆ ಹೋಗತ್ತೆ. ಬೆನ್ನಲ್ಲಾದ್ರೆ?”

“ಒಳಗೇ ತುಂಬ್ಕೊಂಡು ನರ ಅದುಮತ್ತೆ. ಎರಡು ಕಾಲೂ ಹೋಗ್ತಿತ್ತು ಅಂದ್ರು.” ಆಮೇಲೆ ಅಂದ, “ನಾನು ಇಲ್ಲ ಅಂತ ಹೇಳಿದ್ನಲ್ಲಪ್ಪಾ.”

ಒಂದು ಮಾತು ಬಾಯಿಗೆ ಬಂದಿತ್ತು, ನುಂಗಿದೆ. ನನ್ನ ಜೀವನದಲ್ಲಿ ಅಪರೂಪ ಅದು.

ನೋವಿನ ಮಾತ್ರೆ ಡಬ್ಬ ಕಸಕ್ಕೆ ಹೋಯ್ತು, ಅದೂ ರಕ್ತ ತೆಳು ಮಾಡೋದಂತೆ. ಕಡಿಮೆ ಇರೋದನ್ನ ತುಂಬೋ ಔಷಧಿ ಇದೆ, ನರಕ್ಕೆ ಹಾಕ್ತಾರೆ, ಆದ್ರೆ ಇನ್ಶೂರೆನ್ಸಿನೋರು ಒಪ್ಪಬೇಕು. ವಾರಗಟ್ಟಲೆ ಬದರಿ ಫೋನ್ ಕಿವಿಗಿಟ್ಕೊಂಡು ಸೋರೆಕಾಯಿ ಸಿಪ್ಪೆ ತೆಗೀತಿದ್ದ. ಯಾರ ಯಾರ ಹತ್ರವೋ “ಹೌದು, ನಾವು ಕಸಿನ್ಸ್, ಹೌದು” ಅಂತ ಜೋರಾಗಿ ಹೇಳೋನು. ಹೇಳಿ ಹೇಳಿ ಸವೆದೋಯ್ತು ಆ ಮಾತು. ಅಷ್ಟರಲ್ಲಿ ವಿಜಯಾಳ ಪಾದ ಪೂರ್ತಿ ಜೋತು ಬಿದ್ದಿತ್ತು, ಚಪ್ಪಲಿ ನಿಲ್ತಿರಲಿಲ್ಲ.

ಕೊನೇಗೆ ಔಷಧಿ ಬಂತು. ಮೊದಲು ಅದನ್ನ ಹಾಕಿ, ಮಟ್ಟ ಅಳೆದು, ಆಮೇಲೇ ಆಪರೇಷನ್ ಮಾಡಿದ್ರು. ಚೆನ್ನಾಗೇ ಆಯ್ತು. ಸಾಮಾನ್ಯವಾಗಿ ಮಾರನೇ ದಿನ ಮನೇಗೆ ಕಳಿಸ್ತಾರಂತೆ, ಇವಳನ್ನ ಬಿಡಲಿಲ್ಲ. ನಮಗೆಲ್ಲ ಗೊತ್ತಿತ್ತು ಯಾವ ದಿನಕ್ಕೆ ಕಾಯ್ತಾ ಇದಾರೆ ಅಂತ.

ಮೂರನೇ ದಿನ ಎಲ್ರೂ ಹೋದ್ವಿ. ನರ್ಸ್ ಆಗಾಗ ಬಂದು ಕಾಲ್ಬೆರಳು ಆಡ್ಸಿ ಅನ್ನೋರು, ಬೆನ್ನಿನ ಪಟ್ಟಿ ನೋಡೋರು. ಒಳಗೆ ಜಾಸ್ತಿ ಜನ ಬೇಡ ಅಂತ ನನ್ನನ್ನೂ ತಾಯಮ್ಮನ್ನೂ ಕ್ಯಾಂಟೀನಿಗೆ ಕಳಿಸಿದ್ರು. ಡಬ್ಬಿ ಬಿಚ್ಚಿ ಮೊಸರನ್ನ ಇಟ್ಲು. ನನಗೆ ಬಡಿಸಿ ತಾನು ತಿನ್ನದೇ ಕೂತ್ಲು.

“ತಿನ್ನೇ.”

“ಆ ಬಟ್ಟೆ ಒಗೆದೋಳು ನಾನೇ ಕಣ್ರೀ” ಅಂದ್ಲು.

“ಗೊತ್ತು.”

“ಅತ್ತಿಗೆ ಕೈ ಹಿಡ್ಕೊಂಡು ಯಾರಿಗೂ ಹೇಳಬೇಡ ಅಂತ ಮಾತು ತಗೊಂಡ್ಲು. ಅವಳೇ ಹೋದ್ಲಲ್ಲ, ಇನ್ನು ಯಾರಿಗೆ ಅಂತ ಮುಚ್ಚಿಡ್ಲಿ.”

ಇದನ್ನ ಅವಳ ಒಪ್ಪಿಗೆ ತಗೊಂಡೇ ಹೇಳ್ತಿದೀನಿ. ಈಗಲೂ ಪಕ್ಕದಲ್ಲೇ ಬೆಳ್ಳುಳ್ಳಿ ಬಿಡಿಸ್ತಾ ಕೂತಿದಾಳೆ. ನೆನಪಿಲ್ಲ ಅಂತ ನನ್ನನ್ನ ಅಂದೋರು ಇವಳನ್ನ ಕೇಳ್ಕೊಳ್ಳಿ.

ವಾಪಸ್ ರೂಮಿಗೆ ಹೋದಾಗ ಪಟ್ಟಿ ಒಣಗೇ ಇತ್ತು. ವಿಜಯಾ ಅರೆ ನಿದ್ದೇಲಿದ್ಲು, ತುಟಿ ಒಣಗಿತ್ತು. ನರ್ಸ್ ಇದಾರೆ, ಡಾಕ್ಟರಮ್ಮ ಇದಾರೆ. ಅವರೆದುರಿಗೇ,

“ಭಾವ, ಒಂಚೂರು ನೀರು ಕೊಡು” ಅಂದ್ಲು.

ಬದರಿ ಲೋಟ ಹಿಡ್ಕೊಂಡು ನಿಂತ. ಅನುಶ್ರೀ ಕಿಸಕ್ ಅಂತ ನಕ್ಕು, “ಭಾವ, ಗೋ ಆನ್” ಅಂದ್ಲು. ಮಗಳ ಮುಖ ನೋಡ್ದ, ಅವಳು ಹುಬ್ಬು ಎತ್ತಿದ್ಲು. ಮಗಳಿಗೆ ಯಾವತ್ತಿಂದಲೋ ಗೊತ್ತಿತ್ತು ಅಂತ ಇವನಿಗೆ ಆಗ ಹೊಳೀತು. ಕೂತ್ಕೊಂಡು ನೀರು ಕುಡಿಸಿದ.

ಈಗ ಮನೇಲಿದಾಳೆ. ಆ ಔಷಧಿ ಇನ್ನೂ ಹಾಕಿಸ್ಕೋತಾ ಇರ್ಬೇಕು. ಎರಡು ಕಾಲೂ ಇದೆ, ನಡೀತಾಳೆ. ಬಲಪಾದ ಪೂರ್ತಿ ಏಳಲ್ಲ, ಮೆಟ್ಟಿಲಲ್ಲಿ ತಗಲತ್ತೆ. ಇಲ್ಲ ಅಂದ ಒಂದು ಮಾತಿಗೆ ತಡ ಆಗಿ ಅಷ್ಟು ಹೋಯ್ತು. ಕಾರು ಅನುಶ್ರೀದು, ಮುದ್ದೆ ಬದರೀದು, ಈಗ ಗಂಟು ಕಮ್ಮಿ.

ಇಷ್ಟು ಉದ್ದ ಯಾಕೆ ಹೇಳಿದೆ ಗೊತ್ತಾ? ಟಪಾಲ್ ಡಬ್ಬ ಬಿದ್ದ ಕಥೆ ಹೇಳಕ್ಕಲ್ಲ. ರಕ್ತದ ಡಾಕ್ಟರ್ ವಿಜಯಾನ ಇನ್ನೊಂದು ಕೇಳಿದ್ರು, ಗರ್ಭ ನಿಲ್ಲದೇ ಹೋಗಿತ್ತಾ ಅಂತ. ಅನುಶ್ರೀ ಹುಟ್ಟೋ ಮುಂಚೆ ಇವಳಿಗೆ ಎರಡು ಗರ್ಭ ಹೋಗಿತ್ತು. ಅದಕ್ಕೂ ಇದೇ ಕಾರಣ ಇರಬೋದು, ಈ ಔಷಧಿ ಕೊಟ್ರೆ ಎಷ್ಟೋ ಜನರಿಗೆ ಗರ್ಭ ನಿಲ್ಲತ್ತೆ ಅಂದ್ರು. ಅಕ್ಕ ತಂಗಿ ಇದ್ರೆ ಪರೀಕ್ಷೆ ಮಾಡಿಸ್ಲೇಬೇಕು ಅಂದ್ರು.

ವಿಜಯಾಳ ತಂಗಿ ಕೌಸಲ್ಯಾ ಮೈಸೂರಲ್ಲಿದಾಳೆ, ನಿಮಗೆಲ್ಲ ಗೊತ್ತು. ಮೂರು ಸಲ ಬಸುರಾಗಿ ಮೂರೂ ಹೋಯ್ತು. ಅತ್ತೆ ಮನೇಲಿ ಏನೇನು ಅನ್ನಿಸ್ಕೊಂಡಿದಾಳೆ ಅನ್ನೋದೂ ಗೊತ್ತು. ಈಗ ಮತ್ತೆ ಬಸುರಿಯಂತೆ. ವಿಜಯಾ ಫೋನ್ ಮಾಡಿದ್ಲು, “ನಮ್ಮ ರಕ್ತದಲ್ಲೇ ದೋಷ ಅಂತ ಗೊತ್ತಾದ್ರೆ ಇವರು ನನ್ನನ್ನ ಇಟ್ಕೋತಾರಾ ಅಕ್ಕಾ? ಮಾವಂಗೆ ಮರೆವು, ಏನೋ ಹೇಳ್ತಾರೆ” ಅಂತ ಕೌಸಲ್ಯಾ ಅತ್ತು ಫೋನಿಟ್ಲು. ಮೊನ್ನೆ ನಾನು ಇಲ್ಲಿ ಆ ಮಗು ಸುದ್ದಿ ಎತ್ತಿದ ಕೂಡ್ಲೇ ಗ್ರೂಪ್ ಬಿಟ್ಟು ಹೋದ್ಲು. ನನ್ನ ಫೋನ್ ಎತ್ತಲ್ಲ.

ನೀವು ಯಾರಾದ್ರೂ ಅವಳ ಮನೇಗೆ ಹೋಗಿ. ಅತ್ತೆ ಇಲ್ಲದ ಹೊತ್ತು ನೋಡ್ಕೊಂಡು ಹೋಗಿ. ಅಡುಗೆ ಮನೇಲಿ ಕೂರಿಸಿ ಇದನ್ನ ಮೊದಲಿಂದ ಕೊನೇವರೆಗೂ ಕೇಳಿಸಿ. ಫೋನ್ ಕಿತ್ಕೊಂಡ್ರೆ ಬಾಯಲ್ಲಿ ಹೇಳಿ. ಮಾವಂಗೆ ಅರಳು ಮರಳು ಅಂತ ಬೇಕಾದಷ್ಟು ಬೈಕೋ ತಾಯಿ, ಆದ್ರೆ ಹದಿಮೂರನೇದು ಅಂತ ಬಾಯ್ಬಿಟ್ಟು ಕೇಳಿ ಆ ಒಂದು ಪರೀಕ್ಷೆ ಮಾಡಿಸ್ಕೋ ಅಂತ ಮಾವ ಕೈ ಮುಗಿದ್ರು ಅನ್ನಿ. ನಾಳೆ ನಾಡಿದ್ದು ಅನ್ನಬೇಡಿ. ಇವತ್ತೇ ಹೊರಡಿ.